ಅಂಚೆ ಪೆಟ್ಟಿಗೆಗೆ ಮೊದಲು ಹೆಸರು ಅಂಟಿಸಿ

ಸ್ಟುಟ್‌ಗಾರ್ಟ್‌ನ ನಮ್ಮ ಮನೆಗೆ ಪ್ರತಿ ವರ್ಷ ಐದಾರು ಹೊಸ ಕನ್ನಡಿಗರು ಊಟಕ್ಕೆ ಬರುತ್ತಾರೆ. ಬೆಂಗಳೂರಿನ ಕಚೇರಿಯಿಂದ ಇಲ್ಲಿನ ಕಾರು ಕಂಪನಿಗಳಿಗೆ ಬಂದ ಎಂಜಿನಿಯರುಗಳು, ಎಂಎಸ್ ಓದಲು ಬಂದ ಹುಬ್ಬಳ್ಳಿ, ಶಿವಮೊಗ್ಗದ ಮಕ್ಕಳು, ಮದುವೆಯಾಗಿ ಗಂಡನ ಜೊತೆ ಬಂದು ಸದ್ಯಕ್ಕೆ ಮನೆಯಲ್ಲೇ ಇರುವ ಹೆಣ್ಣುಮಕ್ಕಳು. ತಟ್ಟೆಗೆ ಅನ್ನ ಸಾರು ಬೀಳುವ ಹೊತ್ತಿಗೆ ಪ್ರಶ್ನೆಗಳೂ ಶುರುವಾಗುತ್ತವೆ. "ಅಕ್ಕಾ, ಆನ್‌ಮೆಲ್ಡುಂಗ್‌ಗೆ ಟರ್ಮಿನ್ ಸಿಗ್ತಾನೇ ಇಲ್ಲ." "ಟಿವಿ ಇಲ್ಲದಿದ್ರೂ ದುಡ್ಡು ಕಟ್ಟಿ ಅಂತ ಕಾಗದ ಬಂದಿದೆ, ಏನಿದು?" "ಅಪ್ಪ ಅಮ್ಮನ್ನ ಕರೆಸ್ಕೊಳ್ಳೋಕೆ ಏನೇನು ಬೇಕು?"

ಹನ್ನೊಂದು ವರ್ಷದಿಂದ ಇಲ್ಲಿರುವ ನಾನು ಅವರಿಗೆ ಹೇಳುತ್ತ ಬಂದ ಮಾತುಗಳಿವು. ನಮ್ಮವರು ಇಲ್ಲಿ ಪಟ್ಟ ಒಂದೊಂದು ಪಾಡಿನ ಮೂಲ ಹುಡುಕುತ್ತ ಹೋದರೆ, ಬಹುಪಾಲು ಕೆಳಗಿನ ಬಾಗಿಲ ಬಳಿಯ ಅಂಚೆ ಪೆಟ್ಟಿಗೆಗೇ ಬಂದು ನಿಲ್ಲುತ್ತದೆ: ಬಾರದ ಕಾಗದ, ತೆರೆಯದ ಕಾಗದ, ತಡವಾಗಿ ಉತ್ತರಿಸಿದ ಕಾಗದ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

1. ಬೀಗದ ಕೈ ಸಿಕ್ಕ ದಿನವೇ ಪೆಟ್ಟಿಗೆಗೆ ಹೆಸರು

ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಬೀದಿಯ ಹೆಸರು, ಕಟ್ಟಡದ ಸಂಖ್ಯೆ, ಊರು, ಅಷ್ಟೇ. ಹತ್ತು ಮನೆಗಳ ಕಟ್ಟಡದಲ್ಲಿ ಅಂಚೆಯವರು ನೋಡುವುದು ಪೆಟ್ಟಿಗೆಯ ಮೇಲಿನ ಹೆಸರನ್ನು. ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಬ್ಯಾಂಕಿನ ಪಿನ್, ತೆರಿಗೆ ಸಂಖ್ಯೆ, ಆರೋಗ್ಯ ವಿಮೆಯ ಕಾರ್ಡ್ ಎಲ್ಲ ಬರುವುದು ಅಂಚೆಯಲ್ಲೇ. ಅಚ್ಚಾದ ಫಲಕ ಬರುವವರೆಗೆ ಕಾಯಬೇಡಿ. ಬಿಳಿ ಕಾಗದದ ತುಂಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಟೇಪ್ ಹಚ್ಚಿ. ಕರೆಗಂಟೆಗೂ ಅದೇ ಹೆಸರು.

ಯಾವ ಹೆಸರು ಎನ್ನುವುದೇ ಕನ್ನಡಿಗರ ದೊಡ್ಡ ತೊಡಕು. ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇಟ್ಟುಕೊಂಡು ಬೆಳೆದವರು ನಾವು. ಹಲವರಿಗೆ ಸರ್‌ನೇಮ್ ಎಂಬುದೇ ಇಲ್ಲ. ಗಂಡನ ಪಾಸ್‌ಪೋರ್ಟಿನಲ್ಲಿ ಕಡೆಯ ಹೆಸರು ಅವನ ಊರಿನದು, ಹೆಂಡತಿಯದರಲ್ಲಿ ಅವಳ ಅಪ್ಪನದು, ಮಗುವಿನದರಲ್ಲಿ ಅವನ ಅಪ್ಪನ ಮೊದಲ ಹೆಸರು. ಜರ್ಮನಿಯ ಕಚೇರಿಗೆ ಇದು ಮೂರು ಬೇರೆ ಕುಟುಂಬ. ಪೆಟ್ಟಿಗೆಯ ಮೇಲೆ ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ, ಮೂರೂ ಇದ್ದರೆ ಮೂರನ್ನೂ ಬರೆಯಿರಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ ಇದ್ದರೆ ಊರಲ್ಲಿರುವಾಗಲೇ ತಿದ್ದಿಸಿಕೊಂಡು ಬನ್ನಿ. ಇಲ್ಲಿಗೆ ಬಂದ ಮೇಲೆ ಒಂದು ಕಚೇರಿ ಒಂದು ರೀತಿ, ಬ್ಯಾಂಕು ಇನ್ನೊಂದು ರೀತಿ ಬರೆದುಕೊಂಡು, ಇಬ್ಬರೂ ಒಬ್ಬರೇ ಎಂದು ಸಾಬೀತು ಮಾಡುವ ಕೆಲಸ ನಿಮ್ಮ ತಲೆಗೆ ಬರುತ್ತದೆ. ಮದುವೆ ಪ್ರಮಾಣಪತ್ರ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಮೂರರಲ್ಲೂ ಕಾಗುಣಿತ ಒಂದೇ ಇದೆಯೇ ಎಂದು ಒಂದು ಸಂಜೆ ಕೂತು ನೋಡಿ.

2. ಎರಡು ವಾರದೊಳಗೆ ಆನ್‌ಮೆಲ್ಡುಂಗ್

ಹೊಸ ಮನೆಗೆ ಹೋದ ಎರಡು ವಾರದೊಳಗೆ ಊರಿನ ಬ್ಯೂರ್ಗರ್‌ಆಮ್ಟ್ ಎಂಬ ನಾಗರಿಕ ಸೇವಾ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದೇ ಆನ್‌ಮೆಲ್ಡುಂಗ್. ಪಾಸ್‌ಪೋರ್ಟ್ ಜೊತೆ, ನೀವು ನಿಜಕ್ಕೂ ಅಲ್ಲಿ ವಾಸಕ್ಕೆ ಬಂದಿದ್ದೀರಿ ಎಂದು ಮನೆಯ ಮಾಲೀಕರು ಸಹಿ ಮಾಡಿದ ಚೀಟಿಯೂ ಬೇಕು. ಬಾಡಿಗೆ ಕರಾರು ಪತ್ರ ಅದರ ಬದಲಿಗೆ ಆಗುವುದಿಲ್ಲ. ಆ ಚೀಟಿ ಕೊಡುವುದಿಲ್ಲ ಎನ್ನುವವರ ಮನೆ ಎಷ್ಟು ಅಗ್ಗವಾದರೂ ಹಿಡಿಯಬೇಡಿ.

ಉಳಿದದ್ದೆಲ್ಲ ಇದರ ಹಿಂದೆ ಸಾಲಾಗಿ ಬರುತ್ತದೆ. ನೋಂದಣಿಯಾದರೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಅದು ಜೀವನಪೂರ್ತಿ ಒಂದೇ. ಅದನ್ನು ಕಂಪನಿಗೆ ಕೊಟ್ಟರೆ ಸಂಬಳದಲ್ಲಿ ಸರಿಯಾದ ತೆರಿಗೆ ಹಿಡಿಯುತ್ತಾರೆ. ಕೊಡದೆ ಹೋದರೆ ಅತಿ ಹೆಚ್ಚು ಹಿಡಿತವಿರುವ ಆರನೇ ವರ್ಗಕ್ಕೆ ನಿಮ್ಮನ್ನು ಸೇರಿಸಬಹುದು. ಹೆಚ್ಚು ಹೋದದ್ದು ಆಮೇಲೆ ವಾಪಸ್ ಬರುತ್ತದೆ, ಆದರೆ ಮುಂಗಡ, ಸಾಮಾನು ಅಂತ ಕೈ ಖಾಲಿಯಾಗುವ ತಿಂಗಳುಗಳಲ್ಲೇ ಆ ಹಣ ಬೇಕಾಗುವುದು.

ಟರ್ಮಿನ್, ಅಂದರೆ ಕಚೇರಿಯ ಭೇಟಿಯ ಸಮಯ, ಎರಡು ವಾರದೊಳಗೆ ಸಿಗದಿದ್ದರೆ ಗಾಬರಿ ಬೇಡ. ಗಡುವಿನೊಳಗೆ ಪ್ರಯತ್ನಿಸಿದಿರಿ ಎಂಬುದಕ್ಕೆ ಪುರಾವೆ ಇರಲಿ: ಬುಕ್ ಮಾಡಿದ ಇಮೇಲ್, ಪರದೆಯ ಚಿತ್ರ. ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ವೆಬ್‌ಸೈಟ್ ನೋಡಿ. ಯಾರೋ ರದ್ದು ಮಾಡಿದ ಟರ್ಮಿನ್‌ಗಳು ಕಣ್ಣಿಗೆ ಬೀಳುವುದು ಆಗಲೇ.

3. ಲಕೋಟೆ ಬಂದ ದಿನವೇ ತೆರೆಯಿರಿ

ಇದೊಂದನ್ನು ಪಾಲಿಸಿದರೆ ಉಳಿದದ್ದರಲ್ಲಿ ಅರ್ಧ ತಾನಾಗಿ ಸರಿಹೋಗುತ್ತದೆ ಎಂದು ನಾನು ಮನಸಾರೆ ನಂಬಿದ್ದೇನೆ.

ಮೊದಲ ವರ್ಷ ನಮ್ಮ ಮನೆಯಲ್ಲಿ ಒಂದು ಡ್ರಾಯರ್ ಇತ್ತು. ಅರ್ಥವಾಗದ ಜರ್ಮನ್ ಕಾಗದಗಳೆಲ್ಲ ಅದರೊಳಗೆ. ಶನಿವಾರ ಕೂತು ಓದೋಣ ಎಂದು ನಾನು, ಭಾನುವಾರ ಎಂದು ಇವರು. ಆರು ತಿಂಗಳ ಮೇಲೆ ತೆಗೆದು ನೋಡಿದರೆ, 40 ಯೂರೋ ಚಿಲ್ಲರೆಯ ಒಂದು ಬಿಲ್ಲು ಎರಡು ಎಚ್ಚರಿಕೆ ಪತ್ರ ದಾಟಿ ವಸೂಲಿ ಕಂಪನಿಯ ಕೈ ಸೇರಿ ಮೂರು ಪಟ್ಟಾಗಿತ್ತು. ದುಡ್ಡು ಹೋದದ್ದಕ್ಕಿಂತ ಹೆಚ್ಚು ನೊಂದದ್ದು, ಆ ಬಿಲ್ಲಿನಲ್ಲೇ ತಪ್ಪಿತ್ತು ಎಂದು ತಿಳಿದಾಗ. ಮೊದಲ ವಾರವೇ ಎರಡು ಸಾಲು ಬರೆದಿದ್ದರೆ ಒಂದು ಯೂರೋ ಕೂಡ ಕೊಡಬೇಕಿರಲಿಲ್ಲ.

ಸರ್ಕಾರಿ ಕಚೇರಿಯ ತೀರ್ಮಾನದ ಪತ್ರಕ್ಕೆ ಆಕ್ಷೇಪ ಸಲ್ಲಿಸಲು ಸಾಮಾನ್ಯವಾಗಿ ಒಂದು ತಿಂಗಳ ಗಡುವು. 2025ರ ಆರಂಭದಿಂದ, ಸಾಮಾನ್ಯ ಅಂಚೆಯಲ್ಲಿ ಕಳಿಸಿದ ಅಂಥ ಪತ್ರ ನಾಲ್ಕನೇ ದಿನ ನಿಮಗೆ ಮುಟ್ಟಿತೆಂದು ಲೆಕ್ಕ. ಹಳದಿ ಲಕೋಟೆ ಬಂದರೆ ಇನ್ನೂ ಎಚ್ಚರ. ಅದರ ಮೇಲೆ ಅಂಚೆಯವರು ತಾರೀಖು ಬರೆದು ಪೆಟ್ಟಿಗೆಗೆ ಹಾಕಿದ ದಿನವೇ ಅದು ನಿಮಗೆ ತಲುಪಿದಂತೆ. ನೀವು ಆ ಹೊತ್ತಿಗೆ ಶಿರಸಿಯಲ್ಲಿ ತಂಗಿಯ ಮದುವೆಯಲ್ಲಿದ್ದರೂ ಅಷ್ಟೇ. ಲಕೋಟೆಯನ್ನೂ ಎಸೆಯಬೇಡಿ, ಆ ತಾರೀಖಿನಿಂದಲೇ ದಿನ ಎಣಿಸುವುದು. ನ್ಯಾಯಾಲಯದ ಮೂಲಕ ಬರುವ ಮಾನ್‌ಬೆಶೈಡ್ ಎಂಬ ಪಾವತಿ ಆದೇಶಕ್ಕೆ ಆಕ್ಷೇಪ ಹೇಳಲು ಎರಡೇ ವಾರ.

ಈಗ ನಮ್ಮ ಕ್ರಮ ಹೀಗಿದೆ. ಕಾಗದ ಬಂದ ಸಂಜೆಯೇ ಫೋನಿನಲ್ಲಿ ಅನುವಾದ ಮಾಡಿ ಓದುವುದು. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಕೊನೆಯ ತಾರೀಖು ಬರೆಯುವುದು. ಉತ್ತರ ಬರವಣಿಗೆಯಲ್ಲೇ ಕೊಟ್ಟು ನಕಲು ಇಟ್ಟುಕೊಳ್ಳುವುದು. ಊರಿಗೆ ಹೋಗುವಾಗ ಪೆಟ್ಟಿಗೆಯ ಬೀಗದ ಕೈಯನ್ನು ನಂಬಿಕೆಯ ಸ್ನೇಹಿತರ ಕೈಗೆ ಕೊಡುವುದು. ವಾರಕ್ಕೊಮ್ಮೆ ಅವರು ಲಕೋಟೆ ತೆರೆದು ಫೋಟೋ ಕಳಿಸುತ್ತಾರೆ, ಅವರು ಹೋದಾಗ ನಾವೂ ಅಷ್ಟೇ.

4. ಟಿವಿ ಇಲ್ಲದಿದ್ದರೂ ರುಂಡ್‌ಫುಂಕ್ ಶುಲ್ಕ

ತಿಂಗಳಿಗೆ 18.36 ಯೂರೋ. ಸಾರ್ವಜನಿಕ ರೇಡಿಯೋ, ಟಿವಿಗಾಗಿ ಪ್ರತಿ ಮನೆಯೂ ಕೊಡಬೇಕಾದ ಹಣ. ಇದು ಮೋಸದ ಕಾಗದ ಅಲ್ಲ. ಒಂದು ಮನೆಗೆ ಒಂದೇ ಶುಲ್ಕ, ತಲೆಗೊಂದಲ್ಲ. ನಾಲ್ವರು ವಿದ್ಯಾರ್ಥಿಗಳು ಒಟ್ಟಿಗಿದ್ದರೆ ಒಬ್ಬರು ಕಟ್ಟಿ, ಉಳಿದ ಮೂವರು ಕಟ್ಟುವವರ ಶುಲ್ಕ ಸಂಖ್ಯೆಯನ್ನು ತಿಳಿಸಿ ಉತ್ತರ ಬರೆದರೆ ಸಾಕು.

5. ಮನೆ ನೋಡದೆ ದುಡ್ಡು ಕಳಿಸಬೇಡಿ

"ನಾನು ಈಗ ಬೇರೆ ದೇಶದಲ್ಲಿದ್ದೇನೆ, ಮುಂಗಡ ಹಾಕಿ, ಬೀಗದ ಕೈ ಅಂಚೆಯಲ್ಲಿ ಕಳಿಸುತ್ತೇನೆ" ಎನ್ನುವವರು ಮನೆಯ ಮಾಲೀಕರಲ್ಲ. ಮ್ಯೂನಿಕ್, ಸ್ಟುಟ್‌ಗಾರ್ಟ್‌ನಂಥ ಊರುಗಳಲ್ಲಿ ಮನೆಗೆ ಇರುವ ಬರದಿಂದಲೇ ಈ ಮೋಸ ನಡೆಯುತ್ತಿದೆ, ಊರಿನಿಂದ ಸಾಲ ಮಾಡಿ ಬಂದ ಮಕ್ಕಳು ಮೊದಲು ಸಿಕ್ಕಿಬೀಳುತ್ತಾರೆ. ಮೊದಲ ಎರಡು ತಿಂಗಳು ವಿದ್ಯಾರ್ಥಿನಿಲಯವೋ, ಕಂಪನಿ ಕೊಟ್ಟ ಕೋಣೆಯೋ, ಪರಿಚಯದವರ ಜೊತೆಯೋ ಇದ್ದು, ಕಣ್ಣಾರೆ ಕಂಡ ಮೇಲೆ ಸಹಿ ಹಾಕಿ.

ಜಾಹೀರಾತಿನಲ್ಲಿ ಎರಡು ಬಾಡಿಗೆ ಕಾಣುತ್ತದೆ. ಕಾಲ್ಟ್‌ಮೀಟೆ ಎಂದರೆ ಗೋಡೆಗಳ ಬಾಡಿಗೆ ಮಾತ್ರ. ವಾರ್ಮ್‌ಮೀಟೆ ಎಂದರೆ ಬೆಚ್ಚಗಿಡುವ ಖರ್ಚು, ನೀರು, ಕಸ, ಮೆಟ್ಟಿಲ ದೀಪ ಸೇರಿದ್ದು. ವಿದ್ಯುತ್ ಮತ್ತು ಇಂಟರ್‌ನೆಟ್ ಸಾಮಾನ್ಯವಾಗಿ ಎರಡರಲ್ಲೂ ಇರುವುದಿಲ್ಲ. ಕೌಟ್ಸಿಯೋನ್ ಎಂಬ ಮುಂಗಡ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚಿರುವಂತಿಲ್ಲ. ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಕೊಟ್ಟವರಿಗೆ ಈ ಮಾತು ಸಮಾಧಾನ ತರಬಹುದು. ಆದರೆ ಇಲ್ಲಿನ ಬಹಳಷ್ಟು ಖಾಲಿ ಮನೆಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ. ಒಲೆ, ಸಿಂಕು, ಕಪಾಟು ಎಲ್ಲ ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ, ಗೋಡೆಯಲ್ಲಿ ನೀರಿನ ಕೊಳವೆ ಮಾತ್ರ ಉಳಿದಿರುತ್ತದೆ. ಅಡುಗೆಮನೆ ಸೇರಿದೆಯೇ ಎಂದು ಬಾಡಿಗೆ ಕೇಳುವ ಮೊದಲೇ ಕೇಳಿ.

ಬೀಗದ ಕೈ ತೆಗೆದುಕೊಳ್ಳುವಾಗ ಪ್ರತಿ ಗೀರು, ಪ್ರತಿ ಕಲೆಯನ್ನು ಹಸ್ತಾಂತರದ ಪಟ್ಟಿಯಲ್ಲಿ ಬರೆಸಿ. ನೆಲ, ಬಾತ್‌ರೂಮ್, ಕಿಟಕಿಯ ಚೌಕಟ್ಟು, ಎಲ್ಲದರ ಫೋಟೋ ತೆಗೆಯಿರಿ. ಮನೆ ಬಿಡುವ ಮಾತನ್ನು ಮೂರು ತಿಂಗಳು ಮೊದಲೇ ಕಾಗದದಲ್ಲಿ, ಸಹಿ ಹಾಕಿ ತಿಳಿಸಬೇಕು. ತಿಂಗಳ ಮೂರನೇ ಕೆಲಸದ ದಿನದೊಳಗೆ ತಲುಪಿದರೆ ಆ ತಿಂಗಳೂ ಲೆಕ್ಕಕ್ಕೆ ಸೇರುತ್ತದೆ. ಇಮೇಲ್ ನಡೆಯುವುದಿಲ್ಲ. ವರ್ಷಕ್ಕೊಮ್ಮೆ ಬರುವ ಖರ್ಚಿನ ಲೆಕ್ಕಪತ್ರದಲ್ಲಿ ನೂರಾರು ಯೂರೋ ಹೆಚ್ಚುವರಿ ಕೇಳಿದರೆ ಕಣ್ಣು ಮುಚ್ಚಿ ಕಟ್ಟಬೇಡಿ. ಊರಿನ ಬಾಡಿಗೆದಾರರ ಸಂಘಕ್ಕೆ ಸದಸ್ಯರಾದರೆ ಅಲ್ಲಿನ ವಕೀಲರು ಕಾಗದ ಓದಿ ಹೇಳುತ್ತಾರೆ. ಲೆಕ್ಕ ಪ್ರಶ್ನಿಸಲು ನಿಮಗೆ 12 ತಿಂಗಳಿದೆ.

6. ಗ್ರೈಂಡರ್, ಒಗ್ಗರಣೆ, ಕಿಟಕಿ, ಮೆಟ್ಟಿಲು

ಊರಿನ ಮಿಕ್ಸಿ, ಗ್ರೈಂಡರ್ ಇಲ್ಲಿ ಚೆನ್ನಾಗಿ ತಿರುಗುತ್ತವೆ. ವೋಲ್ಟೇಜ್ ಒಂದೇ, ಪಿನ್ ಮಾತ್ರ ಹೊಂದುವುದಿಲ್ಲ, ಒಳ್ಳೆಯ ಅಡಾಪ್ಟರ್ ತನ್ನಿ. ತಿರುಗಿಸುವ ಹೊತ್ತು ಮುಖ್ಯ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮತ್ತು ಭಾನುವಾರ ಇಡೀ ದಿನ ಸದ್ದಿಲ್ಲದ ಹೊತ್ತು. ಇಡ್ಲಿ ಹಿಟ್ಟು ಶನಿವಾರ ಮಧ್ಯಾಹ್ನವೇ ರುಬ್ಬಿಟ್ಟುಕೊಳ್ಳಿ. ಚಳಿಗೆ ಹುಳಿಯುವುದಿಲ್ಲ ಎನ್ನುವವರು ಓವನ್ನಿನ ದೀಪ ಮಾತ್ರ ಹಚ್ಚಿ ಒಳಗೆ ಪಾತ್ರೆ ಇಟ್ಟು ನೋಡಿ, ಬೆಳಿಗ್ಗೆ ಉಕ್ಕಿರುತ್ತದೆ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ, ಮೊಸರು, ತರಕಾರಿ ಹಿಂದಿನ ದಿನವೇ ತನ್ನಿ.

ಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಅಡುಗೆಮನೆಯ ಕಿಟಕಿ ತೆರೆದು, ಒಳಬಾಗಿಲು ಮುಚ್ಚಿ. ಮಲಗುವ ಕೋಣೆ, ಹಜಾರದ ಚಾವಣಿಯಲ್ಲಿ ಹೊಗೆ ಎಚ್ಚರಿಕೆ ಗಂಟೆ ಇರುವುದು ಕಡ್ಡಾಯ, ಅದು ಒಗ್ಗರಣೆಗೂ ಕೂಗುತ್ತದೆ. ಘಾಟು ಹೋಗಲಿ ಎಂದು ಮುಂಬಾಗಿಲನ್ನು ಮೆಟ್ಟಿಲ ಕಡೆಗೆ ತೆರೆದರೆ ಇಡೀ ಕಟ್ಟಡ ಕೆಮ್ಮುತ್ತದೆ.

ಚಳಿಗಾಲದಲ್ಲಿ ಕಿಟಕಿ ಮುಚ್ಚಿಯೇ ಇಡುವುದು ನಮ್ಮವರ ಸಹಜ ತಪ್ಪು. ಕುಕ್ಕರಿನ ಹಬೆ, ಸ್ನಾನದ ಹಬೆ, ಒಳಗೇ ಒಣಗುವ ಬಟ್ಟೆ, ಎಲ್ಲ ಸೇರಿ ಹೊರಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಕಟ್ಟುತ್ತದೆ. ಮನೆ ಬಿಡುವಾಗ ಅದರ ಖರ್ಚು ನಿಮ್ಮ ಮುಂಗಡದಲ್ಲಿ ಹಿಡಿಯುವ ಮಾತು ಬರುತ್ತದೆ, ಅದಕ್ಕಿಂತ ಮೊದಲು ಮಕ್ಕಳ ಎದೆಗೆ ಕೆಡುಕು. ದಿನಕ್ಕೆ ಎರಡು ಮೂರು ಸಲ, ಐದರಿಂದ ಹತ್ತು ನಿಮಿಷ, ಎಲ್ಲ ಕಿಟಕಿಗಳನ್ನೂ ಪೂರ್ತಿ ತೆರೆದು ಮತ್ತೆ ಮುಚ್ಚಿ. ಹೀಗೆ ಮಾಡಿದರೆ ಗೋಡೆಗಳು ತಣ್ಣಗಾಗುವುದಿಲ್ಲ.

ಚಪ್ಪಲಿ ಸ್ಟ್ಯಾಂಡನ್ನು ಬಾಗಿಲ ಹೊರಗೆ ಇಡಲು ಹಲವು ಕಟ್ಟಡಗಳಲ್ಲಿ ಬಿಡುವುದಿಲ್ಲ, ಬೆಂಕಿ ಬಿದ್ದರೆ ಓಡುವ ದಾರಿ ಅದು. ನಮ್ಮ ಶ್ವಾಬಿಯಾ ಸೀಮೆಯಲ್ಲಿ ಕೇರ್‌ವೋಹೆ ಎಂಬ ಪದ್ಧತಿ ಇದೆ. ಸರದಿ ಬಂದ ವಾರ ನಿಮ್ಮ ಬಾಗಿಲಿಗೆ ಒಂದು ಫಲಕ ನೇತುಹಾಕುತ್ತಾರೆ, ಆ ವಾರ ಮೆಟ್ಟಿಲು, ಮುಂಬದಿ ಗುಡಿಸುವ ಕೆಲಸ ನಿಮ್ಮದು, ಹಿಮ ಬಿದ್ದರೆ ಕಾಲುದಾರಿಯನ್ನು ಸರಿಮಾಡುವ ಕೆಲಸವೂ ಹಲವೆಡೆ ಅದರಲ್ಲಿ ಸೇರಿದೆ. ದಿನಾ ಬೆಳಿಗ್ಗೆ ಅಂಗಳ ಗುಡಿಸಿ ರಂಗೋಲಿ ಹಾಕುವ ಮನೆಯಲ್ಲಿ ಬೆಳೆದ ನನಗೆ ಈ ದೇಶದಲ್ಲಿ ಮೊದಲು ಅರ್ಥವಾದ ಪದ್ಧತಿ ಇದೇ. ಶ್ರದ್ಧೆಯಿಂದ ಮಾಡಿ, ಅಕ್ಕಪಕ್ಕದವರ ಮುಖದಲ್ಲಿ ನಗು ಕಾಣುತ್ತದೆ.

7. ಆರೋಗ್ಯ ವಿಮೆ: ಅವಸರದಲ್ಲಿ ಖಾಸಗಿಗೆ ಹೋಗಬೇಡಿ

ಸರ್ಕಾರಿ ಪದ್ಧತಿಯ ವಿಮೆಯಲ್ಲಿ ಸಂಬಳದ ಶೇಕಡಾ 14.6, ಅದರ ಮೇಲೆ ವಿಮಾನಿಧಿಯಿಂದ ವಿಮಾನಿಧಿಗೆ ಬೇರೆಯಾಗುವ ಹೆಚ್ಚುವರಿ ಪಾಲು. ಅರ್ಧ ನಿಮ್ಮದು, ಅರ್ಧ ಕಂಪನಿಯದು. ಕೆಲಸದಲ್ಲಿಲ್ಲದ ಹೆಂಡತಿ ಅಥವಾ ಗಂಡ, ಮಕ್ಕಳು ಹೆಚ್ಚು ಹಣವಿಲ್ಲದೆ ಅದರಲ್ಲೇ ಸೇರುತ್ತಾರೆ. ಖಾಸಗಿಯದು ವಯಸ್ಸಿನಲ್ಲಿ ಚಿಕ್ಕವರಿಗೆ, ಒಬ್ಬಂಟಿಗೆ ಅಗ್ಗ. ಆದರೆ ಅಲ್ಲಿ ತಲೆಗೊಂದು ಕಂತು, ಹಿಂದಕ್ಕೆ ಬರುವುದು ಕಷ್ಟ, 55 ದಾಟಿದ ಮೇಲೆ ಹೆಚ್ಚುಕಡಿಮೆ ಸಾಧ್ಯವೇ ಇಲ್ಲ. ಮದುವೆ, ಮಕ್ಕಳ ಯೋಚನೆ ಇರುವವರಿಗೆ ನನ್ನ ಸಲಹೆ ಸರ್ಕಾರಿಯದೇ.

8. ಹಾಫ್ಟ್‌ಫ್ಲಿಖ್ಟ್ ವಿಮೆ ಮೊದಲ ತಿಂಗಳೇ

ನಿಮ್ಮಿಂದ ಬೇರೆಯವರಿಗೆ ಆದ ನಷ್ಟಕ್ಕೆ ಇಲ್ಲಿ ನೀವೇ ಹೊಣೆ, ಅದಕ್ಕೆ ಮೇಲ್ಮಿತಿ ಇಲ್ಲ. ಸೈಕಲ್ ತಾಗಿ ಒಬ್ಬರು ಬಿದ್ದರೂ ಅಷ್ಟೇ, ವಾಷಿಂಗ್ ಮೆಷಿನ್ ಸೋರಿ ಕೆಳಮನೆಯ ಚಾವಣಿ ನೆನೆದರೂ ಅಷ್ಟೇ. ಈ ವಿಮೆ ವರ್ಷಕ್ಕೆ ಸಾಮಾನ್ಯವಾಗಿ 100 ಯೂರೋಗಿಂತ ಕಡಿಮೆ. ಬೀಗದ ಕೈ ಕಳೆದರೂ ಕೊಡುತ್ತದೆಯೇ ಎಂದು ನೋಡಿ ಆರಿಸಿ, ಇಡೀ ಕಟ್ಟಡಕ್ಕೆ ಒಂದೇ ಬೀಗ ವ್ಯವಸ್ಥೆ ಇದ್ದರೆ ಒಂದು ಕೈ ಕಳೆದದ್ದಕ್ಕೂ ಸಾವಿರಾರು ಯೂರೋ ಬೀಳಬಹುದು.

9. ಮೂರು ಸಂಖ್ಯೆಗಳನ್ನು ಫ್ರಿಜ್ ಮೇಲೆ ಅಂಟಿಸಿ

ಪ್ರಾಣಾಪಾಯ, ಬೆಂಕಿ: 112. ಪೊಲೀಸ್: 110. ರಾತ್ರಿ, ವಾರಾಂತ್ಯದಲ್ಲಿ ಜ್ವರ, ಹೊಟ್ಟೆನೋವಿನಂಥದ್ದಕ್ಕೆ ವೈದ್ಯರು ಬೇಕಾದರೆ 116117. ಆಂಟಿಬಯಾಟಿಕ್ ವೈದ್ಯರ ಚೀಟಿಯಿಲ್ಲದೆ ಸಿಗುವುದಿಲ್ಲ. ಕಾಯಿಲೆ ಬೀಳುವ ಮೊದಲೇ ಮನೆಯ ಹತ್ತಿರ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ಕುಟುಂಬ ವೈದ್ಯರನ್ನು ಹುಡುಕಿಟ್ಟುಕೊಳ್ಳಿ. ಹುಷಾರಿಲ್ಲದ ದಿನ ಬೆಳಿಗ್ಗೆಯೇ ಕಚೇರಿಗೆ ತಿಳಿಸಿ, ಮೂರು ದಿನ ದಾಟಿದರೆ ವೈದ್ಯರ ಪ್ರಮಾಣಪತ್ರ ಬೇಕು, ಕೆಲವು ಕಂಪನಿಗಳು ಮೊದಲ ದಿನವೇ ಕೇಳುತ್ತವೆ. ಜ್ವರ ಬಂದರೂ ಲ್ಯಾಪ್‌ಟಾಪ್ ತೆರೆದು ಕೂರುವ ನಮ್ಮ ಹುಡುಗರಿಗೆ ಒಂದು ಮಾತು: ಕೆಲಸಕ್ಕೆ ಸೇರಿ ನಾಲ್ಕು ವಾರ ಕಳೆದಿದ್ದರೆ, ಕಾಯಿಲೆಗೆ ಆರು ವಾರದವರೆಗೆ ಪೂರ್ತಿ ಸಂಬಳ ಕಾನೂನಿನ ಹಕ್ಕು. ಮಲಗಿ.

10. ವಾಸದ ಪರವಾನಗಿ ಮುಗಿಯುವ ಮೊದಲೇ ಅರ್ಜಿ

ಟರ್ಮಿನ್ ಪರವಾನಗಿ ಮುಗಿದ ಮೇಲೆ ಸಿಕ್ಕರೂ ಪರವಾಗಿಲ್ಲ, ಅರ್ಜಿ ಮಾತ್ರ ಮೊದಲೇ ಸಲ್ಲಿಸಿರಬೇಕು. ಹಾಗೆ ಸಲ್ಲಿಸಿದವರ ಹಳೆಯ ಹಕ್ಕುಗಳು ತೀರ್ಮಾನವಾಗುವವರೆಗೆ ಮುಂದುವರಿಯುತ್ತವೆ, ಅದಕ್ಕೆ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ಕಾಗದ ಕೊಡುತ್ತಾರೆ. ಊರಿಗೆ ಹೋಗುವ ಯೋಚನೆ ಇದ್ದರೆ ಅದನ್ನು ಕೈಗೆ ತೆಗೆದುಕೊಂಡೇ ಹೊರಡಿ. ಪಾಸ್‌ಪೋರ್ಟಿನ ಅವಧಿಯನ್ನೂ ನೋಡಿಕೊಳ್ಳಿ, ಅದು ಮುಗಿಯುತ್ತ ಬಂದರೆ ಹೊಸ ಪರವಾನಗಿಯೂ ಅಷ್ಟಕ್ಕೇ ನಿಲ್ಲುತ್ತದೆ.

ಇನ್ನೊಂದು ವಿಷಯ ನಮ್ಮ ವಯಸ್ಸಿನವರಿಗೆ ಹತ್ತಿರದ್ದು. ಅಪ್ಪನಿಗೆ ಕಾಯಿಲೆ ಎಂದು ಊರಿಗೆ ಹೋದವರು ಆರು ತಿಂಗಳು ದಾಟಿ ಉಳಿದರೆ ಸಾಮಾನ್ಯ ಪರವಾನಗಿ ತಾನಾಗಿ ರದ್ದಾಗುತ್ತದೆ, ಬ್ಲೂ ಕಾರ್ಡ್ ಇದ್ದವರಿಗೆ 12 ತಿಂಗಳು. ಹೆಚ್ಚು ಕಾಲ ಬೇಕಾಗಬಹುದು ಅನ್ನಿಸಿದರೆ ಹೊರಡುವ ಮೊದಲೇ ವಿದೇಶಿಯರ ಕಚೇರಿಗೆ ಕಾರಣ ಬರೆದು ಅನುಮತಿ ಕೇಳಿ.

11. ಕೆಲಸ ಹೋದರೆ ಮೂರು ಗಡುವು

ಆ ವಾರ ಯೋಚಿಸುವ ಶಕ್ತಿ ಇರುವುದಿಲ್ಲ, ಅದಕ್ಕೇ ಈಗಲೇ ಬರೆದಿಟ್ಟುಕೊಳ್ಳಿ. ಮೂರು ದಿನದೊಳಗೆ ಉದ್ಯೋಗ ಕಚೇರಿಗೆ, ಕೆಲಸ ಹುಡುಕುತ್ತಿದ್ದೇನೆ ಎಂದು ನೋಂದಣಿ. ಎರಡು ವಾರದೊಳಗೆ ವಿದೇಶಿಯರ ಕಚೇರಿಗೆ ತಿಳಿವಳಿಕೆ. ವಜಾ ತಪ್ಪು ಅನ್ನಿಸಿದರೆ, ಕಾಗದ ಕೈಗೆ ಬಂದ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯದಲ್ಲಿ ದಾವೆ.

"ಒಪ್ಪಿಕೊಂಡು ಬಿಟ್ಟುಬಿಡೋಣ, ಇಲ್ಲಿ ಸಹಿ ಮಾಡಿ" ಎಂದು ಮೇಜಿನ ಮೇಲೆ ಒಪ್ಪಂದ ಇಟ್ಟರೆ ಅಲ್ಲೇ ಸಹಿ ಹಾಕಬೇಡಿ. ಓದಿ ತಿಳಿಸುತ್ತೇನೆ ಎಂದು ಮನೆಗೆ ತನ್ನಿ. ಆ ಸಹಿಯಿಂದ ನಿರುದ್ಯೋಗ ಭತ್ಯೆ 12 ವಾರದವರೆಗೆ ನಿಲ್ಲಬಹುದು. ಕಳೆದ 30 ತಿಂಗಳಲ್ಲಿ 12 ತಿಂಗಳು ಕಂತು ಕಟ್ಟಿದ್ದರೆ ಆ ಭತ್ಯೆ ನಿಮ್ಮದು, ಕೇಳಲು ಸಂಕೋಚ ಬೇಡ. ಪ್ರತಿ ತಿಂಗಳ ಸಂಬಳದಿಂದ ಹಿಡಿದಿಟ್ಟದ್ದು ಈ ದಿನಕ್ಕಾಗಿಯೇ.

12. ಊರಿನ ಡ್ರೈವಿಂಗ್ ಲೈಸೆನ್ಸ್ ಆರೇ ತಿಂಗಳು

ಬಂದು ನೆಲೆಸಿದ ದಿನದಿಂದ ಆರು ತಿಂಗಳು ಅನುವಾದದ ಜೊತೆ ನಡೆಯುತ್ತದೆ. ಆಮೇಲೆ ಭಾರತದ ಲೈಸೆನ್ಸ್ ಇದ್ದವರು ಬರವಣಿಗೆ, ರಸ್ತೆ ಎರಡೂ ಪರೀಕ್ಷೆ ಪಾಸಾಗಲೇಬೇಕು. ಬರವಣಿಗೆಯದು ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿಲ್ಲ. ಆರು ತಿಂಗಳು ದಾಟಿದ ಮೇಲೆ ಹಳೆಯದನ್ನೇ ನಂಬಿ ಓಡಿಸುವುದು ಲೈಸೆನ್ಸ್ ಇಲ್ಲದೆ ಓಡಿಸಿದಂತೆ, ಅದು ಇಲ್ಲಿ ಅಪರಾಧ.

13. ಊರಿನ ಖಾತೆ, ಊರಿನ ಜಮೀನು

ಬೆಂಗಳೂರಿನ ಉಳಿತಾಯ ಖಾತೆಯನ್ನು ಹಾಗೇ ಬಿಟ್ಟು ಬಂದವರೇ ಹೆಚ್ಚು. ಹೊರಗೆ ನೆಲೆಸಿದ ಮೇಲೆ ಫೆಮಾ ಕಾನೂನಿನ ಪ್ರಕಾರ ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಇಲ್ಲಿ ವಾಸವಿರುವವರ ಎಲ್ಲ ದೇಶದ ಆದಾಯವೂ ಜರ್ಮನಿಯ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಎಂದ ಮಾತ್ರಕ್ಕೆ ಇಲ್ಲಿ ತೋರಿಸದೆ ಇರುವಂತಿಲ್ಲ. ಎರಡು ದೇಶಗಳ ನಡುವೆ ಒಪ್ಪಂದ ಇರುವುದರಿಂದ ಒಂದೇ ಆದಾಯಕ್ಕೆ ಎರಡು ಸಲ ಪೂರ್ತಿ ತೆರಿಗೆ ಬೀಳದಂತೆ ಲೆಕ್ಕ ಹಾಕಬಹುದು. ಒಂದು ವರ್ಷ ತೆರಿಗೆ ಸಲಹೆಗಾರರಿಗೆ ಹಣ ಕೊಟ್ಟು ಸರಿಯಾಗಿ ಮಾಡಿಸಿ, ಮರುವರ್ಷ ಅದನ್ನೇ ನೋಡಿಕೊಂಡು ನೀವೇ ಮಾಡಿ.

2024ರ ಜೂನ್ 27ರಿಂದ ಐದು ವರ್ಷದ ವಾಸಕ್ಕೆ ಜರ್ಮನ್ ಪೌರತ್ವ ಕೇಳಬಹುದು, ಹಳೆಯದನ್ನು ಬಿಡಿ ಎಂದು ಜರ್ಮನಿ ಹೇಳುವುದಿಲ್ಲ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ ಕಾರ್ಡ್ ಪಡೆಯಬೇಕು. ತೋಟ ಗದ್ದೆಯನ್ನು ಎನ್‌ಆರ್‌ಐ ಆಗಲಿ, ಒಸಿಐ ಆಗಲಿ ಕೊಳ್ಳುವಂತಿಲ್ಲ, ಅಪ್ಪ ಬಿಟ್ಟುಹೋದದ್ದು ಪಿತ್ರಾರ್ಜಿತವಾಗಿ ಬರಬಹುದು. ಅಣ್ಣತಮ್ಮಂದಿರ ಜೊತೆ ಕೂತು ಮಾತಾಡುವುದಿದ್ದರೆ ಪಾಸ್‌ಪೋರ್ಟ್ ಬದಲಿಸುವ ಮೊದಲೇ ಮಾತಾಡಿ.

14. ಅಪ್ಪ ಅಮ್ಮ ಬರುವಾಗ

180 ದಿನಗಳಲ್ಲಿ 90 ದಿನ. ಅದಕ್ಕಿಂತ ಹೆಚ್ಚು ಭೇಟಿ ವೀಸಾದಲ್ಲಿ ಇಲ್ಲ. ಖರ್ಚಿನ ಹೊಣೆ ನಮ್ಮದು ಎಂಬ ಕಾಗದವನ್ನು ನೀವು ಇಲ್ಲಿನ ಕಚೇರಿಯಲ್ಲಿ ಮಾಡಿಸಿ ಕಳಿಸಬಹುದು. ಪ್ರವಾಸ ವಿಮೆ ಕನಿಷ್ಠ 30,000 ಯೂರೋ ಇರಬೇಕು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಮೊದಲಿಂದ ಇದ್ದರೆ ಅದಕ್ಕೆ ಈ ವಿಮೆಗಳು ಸಾಮಾನ್ಯವಾಗಿ ಕೊಡುವುದಿಲ್ಲ, ಷರತ್ತುಗಳನ್ನು ಪೂರ್ತಿ ಓದಿ. ಇಡೀ ಅವಧಿಗೆ ಬೇಕಾಗುವ ಮಾತ್ರೆಗಳನ್ನು ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲೇ ತರಲಿ. ತುಪ್ಪದ ಡಬ್ಬಿ ಬೇಡ, ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ತರಲು ಯುರೋಪಿನ ಒಕ್ಕೂಟ ಬಿಡುವುದಿಲ್ಲ. ಹಪ್ಪಳ, ಸಂಡಿಗೆ, ಸಾರಿನ ಪುಡಿ ಧಾರಾಳವಾಗಿ ತರಬಹುದು.

ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಕರೆಸಿ. ನಾಲ್ಕೂವರೆಗೆ ಕತ್ತಲಾಗುವ ಡಿಸೆಂಬರಿನಲ್ಲಿ, ನಾವು ಕೆಲಸಕ್ಕೆ ಹೋದ ಮೇಲೆ, ಮಾತಾಡುವವರಿಲ್ಲದ ಮನೆಯಲ್ಲಿ ಅಮ್ಮ ಕಿಟಕಿ ಬಳಿ ಕೂತಿದ್ದ ಆ ಒಂದು ಚಳಿಗಾಲ ನನಗೆ ಇವತ್ತಿಗೂ ಸಂಕಟ ತರುತ್ತದೆ. ಮರುಸಲ ಜೂನ್‌ನಲ್ಲಿ ಬಂದರು. ಜೇಬಿನಲ್ಲಿ ವಿಳಾಸದ ಚೀಟಿ, ನಮ್ಮ ಫೋನ್ ಸಂಖ್ಯೆ ಇಟ್ಟುಕೊಂಡು ಅಪ್ಪನ ಜೊತೆ ದಿನಾ ಉದ್ಯಾನಕ್ಕೆ ನಡೆದುಹೋಗಿ ಬರುತ್ತಿದ್ದರು.

15. ಮಗು ಹುಟ್ಟಿದರೆ, ಶಾಲೆಗೆ ಸೇರಿದರೆ

ಹುಟ್ಟಿದ ಒಂದು ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲೋ ಕಾನ್ಸುಲೇಟಿನಲ್ಲೋ ನೋಂದಾಯಿಸಿ. ಬರ್ಲಿನ್, ಫ್ರಾಂಕ್‌ಫರ್ಟ್, ಮ್ಯೂನಿಕ್, ಹ್ಯಾಂಬರ್ಗ್‌ಗಳಲ್ಲಿ ಅವು ಇವೆ. ಬ್ಲೂ ಕಾರ್ಡಿನಂಥ ಕೆಲಸದ ಪರವಾನಗಿ ಇರುವ ಪೋಷಕರಿಗೆ ಮಗುವಿನ ಭತ್ಯೆ ಸಿಗುತ್ತದೆ, 2025ರಲ್ಲಿ ಅದು ತಿಂಗಳಿಗೆ 255 ಯೂರೋ ಇತ್ತು. ತಡವಾಗಿ ಕೇಳಿದರೆ ಹಿಂದಿನ ಆರು ತಿಂಗಳದ್ದು ಮಾತ್ರ. ಶಿಶುವಿಹಾರದ ಜಾಗಕ್ಕೆ ಗರ್ಭಿಣಿಯಾಗಿರುವಾಗಲೇ ವಿಚಾರಿಸಲು ಶುರು ಮಾಡಿ.

ಶಾಲೆ ನಡೆಯುವ ದಿನಗಳಲ್ಲಿ ಅಗ್ಗದ ಟಿಕೆಟ್ ಎಂದು ಒಂದು ವಾರ ಮೊದಲೇ ಊರಿಗೆ ಹೊರಡುವಂತಿಲ್ಲ. ಶಾಲೆಯ ಅನುಮತಿ ಇಲ್ಲದೆ ತಪ್ಪಿಸಿದರೆ ದಂಡ. ಮನೆಯಲ್ಲಿ ಕನ್ನಡವನ್ನೇ ಮಾತಾಡಿ. ಜರ್ಮನ್ ಅವರಿಗೆ ಅಂಗಳದಲ್ಲಿ, ತರಗತಿಯಲ್ಲಿ ಬಂದೇ ಬರುತ್ತದೆ. ಅಜ್ಜಿಯ ಜೊತೆ ಫೋನಿನಲ್ಲಿ ಹರಟುವ ಭಾಷೆಯನ್ನು ನೀವಲ್ಲದೆ ಇನ್ಯಾರೂ ಕೊಡಲಾರರು.

16. ಭಾಷೆ, ಈ ವರ್ಷವೇ

ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸ್ವಲ್ಪವೇ ದೂರದ ಎಸ್ಲಿಂಗೆನ್‌ನಲ್ಲಿ 1881ರಲ್ಲಿ ತೀರಿಕೊಂಡವರು ಹರ್ಮನ್ ಮೋಗ್ಲಿಂಗ್, 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದವರು. ಇನ್ನಷ್ಟು ದಕ್ಷಿಣಕ್ಕೆ ಹೋದರೆ ಟ್ಯೂಬಿಂಗೆನ್, 1894ರಲ್ಲಿ ಕನ್ನಡಕ್ಕೆ ಆ ದೊಡ್ಡ ನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ 1903ರಲ್ಲಿ ಕೊನೆಯುಸಿರೆಳೆದ ಊರು. ಪರದೇಶದಲ್ಲಿ ನೆಲೆಸಿ ಅಲ್ಲಿನ ಮಾತನ್ನು ಅಷ್ಟು ಪ್ರೀತಿಯಿಂದ ಕಲಿತವರ ಸೀಮೆಯಲ್ಲಿ ನಾವು ಬದುಕುತ್ತಿದ್ದೇವೆ. ಹೊಸಬರು ಬಂದಾಗಲೆಲ್ಲ ನಾನು ಇದನ್ನು ಹೇಳುತ್ತೇನೆ, ಏಕೆಂದರೆ "ಆಫೀಸಲ್ಲಿ ಇಂಗ್ಲಿಷ್ ನಡೆಯುತ್ತೆ ಅಕ್ಕಾ" ಎನ್ನುವ ಉತ್ತರ ಆಗಲೇ ಬಂದಿರುತ್ತದೆ. ಲೆಕ್ಕದ ಮಾತೂ ಇದೆ: ಬ್ಲೂ ಕಾರ್ಡ್ ಇದ್ದವರಿಗೆ ಬಿ1 ಮಟ್ಟದ ಜರ್ಮನ್ ಬಂದರೆ ಕಾಯಂ ವಾಸದ ಹಕ್ಕು 21 ತಿಂಗಳಿಗೆ ಸಿಗುತ್ತದೆ, ಎ1 ಮಾತ್ರ ಇದ್ದರೆ 27 ತಿಂಗಳು. ಬೆಂಗಳೂರಿನಲ್ಲಿರುವಾಗಲೇ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಶುರು ಮಾಡಿ, ಇಲ್ಲಿ ಊರೂರಿನ ಫೋಲ್ಕ್ಸ್‌ಹೋಖ್‌ಶೂಲೆಯ ಸಂಜೆ ತರಗತಿಗಳಲ್ಲಿ ಮುಂದುವರಿಸಿ.

ನನಗೆ ಭಾಷೆ ತೆರೆದುಕೊಂಡದ್ದು ಒಂದು ಪಾರ್ಸೆಲಿನಿಂದ. ಇಲ್ಲಿ ನೀವು ಮನೆಯಲ್ಲಿಲ್ಲದಿದ್ದರೆ ಪಾರ್ಸೆಲನ್ನು ಪಕ್ಕದವರಿಗೆ ಕೊಟ್ಟು, ನಿಮ್ಮ ಪೆಟ್ಟಿಗೆಯಲ್ಲಿ ಅವರ ಹೆಸರಿನ ಚೀಟಿ ಹಾಕಿ ಹೋಗುತ್ತಾರೆ. ಅಮ್ಮ ಕಳಿಸಿದ ಹಪ್ಪಳದ ಕಟ್ಟು ಮೂರನೇ ಮಹಡಿಯ ಅಜ್ಜಿಯ ಮನೆ ಸೇರಿತ್ತು. ಹೇಳಬೇಕಾದ ಎರಡು ವಾಕ್ಯವನ್ನು ಮೆಟ್ಟಿಲು ಹತ್ತುತ್ತಲೇ ಬಾಯಿಪಾಠ ಮಾಡಿಕೊಂಡು ಗಂಟೆ ಒತ್ತಿದೆ. ಅಜ್ಜಿ ತಾಳ್ಮೆಯಿಂದ ಕೇಳಿ, ತಪ್ಪಿದ ಒಂದು ಪದವನ್ನು ಮೆಲ್ಲಗೆ ತಿದ್ದಿ, ಪಾರ್ಸೆಲ್ ಕೈಗಿಟ್ಟರು. ಆ ಸಂಜೆ ನಾಲ್ಕು ಹಪ್ಪಳ ಕರಿದು ಕೊಟ್ಟು ಬಂದೆ. ಮರುದಿನ ಪೆಟ್ಟಿಗೆಯಲ್ಲಿ ಅಂಚೆಚೀಟಿ ಇಲ್ಲದ ಒಂದು ಲಕೋಟೆ ಇತ್ತು, ಒಳಗೆ ದುಂಡನೆಯ ಅಕ್ಷರದಲ್ಲಿ ಮೂರೇ ಸಾಲು: ತುಂಬಾ ರುಚಿಯಾಗಿತ್ತು, ಇದನ್ನು ಯಾವುದರಿಂದ ಮಾಡುತ್ತಾರೆ, ಭಾನುವಾರ ಕಾಫಿಗೆ ಬಂದು ಹೇಳುತ್ತೀಯಾ ಎಂದು. ನಿಘಂಟು ತೆರೆಯದೆ ನಾನು ಓದಿದ ಮೊದಲ ಜರ್ಮನ್ ಕಾಗದ ಅದು.